ಟ್ಯಾಬ್‌ನಲ್ಲಿ ಹುಡುಕಿದ್ದರ ಗುರುತುಗಳನ್ನು ನಾನು ಅಳಿಸುವ ಕ್ರಮ

ಫೋನ್ ಸಾಮಾನ್ಯವಾಗಿ ಒಬ್ಬರ ಕೈಯಲ್ಲೇ ಇರುತ್ತದೆ. ಟ್ಯಾಬ್ ಮನೆಮಂದಿಯೆಲ್ಲರ ಕೈಗೂ ಹೋಗುತ್ತದೆ. ಮಕ್ಕಳು ಅದರಲ್ಲಿ ಪಾಠ ಕೇಳುತ್ತಾರೆ, ಹಿರಿಯರು ಸುದ್ದಿ ಓದುತ್ತಾರೆ, ವೈದ್ಯರು ನನ್ನ ಆರೋಗ್ಯದ ಬಗ್ಗೆ ಹೇಳಿದ್ದನ್ನು ಇನ್ನಷ್ಟು ತಿಳಿದುಕೊಳ್ಳಲು ನಾನೂ ಅದರಲ್ಲೇ ಹುಡುಕುತ್ತೇನೆ. ಆ ವಿಷಯವನ್ನು ಮನೆಯವರಿಗೆ ತಿಳಿಸಲೇಬಾರದೆಂಬ ಹಟ ನನಗಿಲ್ಲ. ಆದರೆ ಯಾವಾಗ ತಿಳಿಸಬೇಕು, ಯಾವ ಮಾತಿನಲ್ಲಿ ತಿಳಿಸಬೇಕು ಎಂಬುದನ್ನು ನಾನೇ ತೀರ್ಮಾನಿಸಬೇಕು. ಮಗಳು ಪಾಠಕ್ಕೆಂದು ಒಂದು ಅಕ್ಷರ ಒತ್ತಿದ ಕೂಡಲೇ ತೆರೆದುಕೊಳ್ಳುವ ಸಲಹೆಗಳ ಪಟ್ಟಿ ಅದನ್ನು ಮೊದಲೇ ಹೇಳಿಬಿಡಬಾರದು. ಈ ಕಾರಣಕ್ಕಾಗಿಯೇ ಟ್ಯಾಬ್‌ನ ಹಿಸ್ಟರಿಯನ್ನು ಅಳಿಸುವ ಕೆಲಸವನ್ನು ನಾನು ಕ್ರಮವಾಗಿ ಕಲಿತುಕೊಂಡೆ.

ಕಲಿಯುತ್ತಾ ಹೋದಂತೆ, ನಾವು ನೋಡಿದ್ದರ ಗುರುತುಗಳು ಹಲವು ಜಾಗಗಳಲ್ಲಿ ಹಂಚಿಹೋಗಿರುತ್ತವೆ ಎಂಬುದು ಸ್ಪಷ್ಟವಾಯಿತು. ತೆರೆದ ಪುಟಗಳ ಪಟ್ಟಿ ಬ್ರೌಸರ್‌ನಲ್ಲಿರುತ್ತದೆ. ಹುಡುಕಿದ ಪದಗಳು ನಾವು ಲಾಗಿನ್ ಆಗಿರುವ ಖಾತೆಗೆ ಸೇರಿ ಕಂಪನಿಯ ಸರ್ವರ್‌ನಲ್ಲಿ ಉಳಿಯುತ್ತವೆ. ಟೈಪ್ ಮಾಡಿದ ಪದಗಳನ್ನು ಕೀಬೋರ್ಡ್ ಕಲಿತಿರುತ್ತದೆ. ಇಳಿಸಿಕೊಂಡ ಫೈಲ್ ಡೌನ್‌ಲೋಡ್ ಫೋಲ್ಡರ್‌ನಲ್ಲಿರುತ್ತದೆ. ಇವುಗಳಲ್ಲಿ ಒಂದನ್ನು ಅಳಿಸಿದರೆ ಉಳಿದವು ತಾವಾಗಿ ಹೋಗುವುದಿಲ್ಲ. ಹಾಗಾಗಿ ನಾನು ಮೊದಲು ಖಾತೆಯನ್ನು ನೋಡಿಕೊಂಡು, ಬ್ರೌಸರ್‌ಗೆ ಆಮೇಲೆ ಬರುತ್ತೇನೆ. ಬ್ರೌಸರ್‌ನ ಹಿಸ್ಟರಿಯನ್ನೇ ಮೊದಲು ಅಳಿಸಿದರೆ, ಖಾತೆಯ ಪುಟವನ್ನು ತೆರೆದ ಗುರುತು ಮತ್ತೆ ಅದೇ ಹಿಸ್ಟರಿಯಲ್ಲಿ ಸೇರಿಕೊಳ್ಳುತ್ತದೆ.

ನನ್ನದು ಆಂಡ್ರಾಯ್ಡ್ ಟ್ಯಾಬ್. ಅದರಲ್ಲಿ ಗೂಗಲ್ ಖಾತೆ ಇದೆ. ಆ ಖಾತೆಯ ‘ಮೈ ಆಕ್ಟಿವಿಟಿ’ ಪುಟವನ್ನು ತೆರೆದರೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಪದ ಹುಡುಕಿದೆ ಎಂಬುದೆಲ್ಲ ಸಾಲಾಗಿ ಕಾಣುತ್ತದೆ. ‘ವೆಬ್ ಆ್ಯಂಡ್ ಆ್ಯಪ್ ಆಕ್ಟಿವಿಟಿ’ ಎಂಬ ಸೆಟ್ಟಿಂಗ್ ಆನ್ ಆಗಿರುವವರೆಗೂ ಈ ದಾಖಲೆ ಬೆಳೆಯುತ್ತಲೇ ಇರುತ್ತದೆ. ಅಲ್ಲಿ ಒಂದೊಂದೇ ನಮೂದನ್ನು ಅಳಿಸಬಹುದು, ನಾವೇ ಗೊತ್ತುಮಾಡಿದ ಎರಡು ದಿನಾಂಕಗಳ ನಡುವಿನದನ್ನು ಅಳಿಸಬಹುದು, ಅಥವಾ ಎಲ್ಲವನ್ನೂ ಒಟ್ಟಿಗೆ ತೆಗೆಯಬಹುದು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಪುಟದಲ್ಲೇ ಇರುವ ಹುಡುಕುವ ಚೌಕ: ಕಾಯಿಲೆಯ ಹೆಸರನ್ನು ಅಲ್ಲಿ ಬರೆದರೆ ಅದಕ್ಕೆ ಸಂಬಂಧಿಸಿದ ನಮೂದುಗಳು ಒಟ್ಟಿಗೆ ಬರುತ್ತವೆ, ಉಳಿದದ್ದನ್ನು ಮುಟ್ಟದೆ ಅವುಗಳನ್ನು ಮಾತ್ರ ತೆಗೆಯಬಹುದು.

ಇದರ ಜೊತೆಗೆ ದಾಖಲೆ ತಾನಾಗಿ ಅಳಿಯುವ ವ್ಯವಸ್ಥೆಯೂ ಇದೆ. 3 ತಿಂಗಳು, 18 ತಿಂಗಳು, 36 ತಿಂಗಳು ಎಂಬ ಮೂರು ಅವಧಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. 2020ರಲ್ಲಿ ಹೊಸದಾಗಿ ಈ ಸೆಟ್ಟಿಂಗನ್ನು ಆನ್ ಮಾಡುವವರಿಗೆ 18 ತಿಂಗಳ ಅವಧಿಯನ್ನು ಕಂಪನಿಯೇ ಗೊತ್ತುಮಾಡಿತು. ಅದಕ್ಕೂ ಹಳೆಯ ಖಾತೆಯುಳ್ಳವರು ತಾವೇ ಹೋಗಿ ಆರಿಸಿಕೊಳ್ಳಬೇಕಾಗಿತ್ತು. ನಾನು 3 ತಿಂಗಳನ್ನು ಆರಿಸಿದ್ದೇನೆ. ಅದೇ ಪುಟದಲ್ಲಿ, ಈ ದಾಖಲೆಯನ್ನು ನೋಡುವ ಮೊದಲು ಪಾಸ್‌ವರ್ಡ್ ಕೇಳುವಂತೆ ಮಾಡುವ ಆಯ್ಕೆಯೂ ಇದೆ, ಮತ್ತು ಹಂಚಿಕೊಂಡ ಟ್ಯಾಬ್‌ನಲ್ಲಿ ಅದು ಅತ್ಯಗತ್ಯವೆಂದೇ ನನ್ನ ಅಭಿಪ್ರಾಯ. ಅದಿಲ್ಲದಿದ್ದರೆ ಟ್ಯಾಬ್ ಕೈಯಲ್ಲಿರುವ ಯಾರು ಬೇಕಾದರೂ ಹಲವು ತಿಂಗಳ ಹುಡುಕಾಟವನ್ನು ನಿರಾಯಾಸವಾಗಿ ಓದಬಹುದು.

ಯೂಟ್ಯೂಬ್‌ನ ಹಿಸ್ಟರಿ ಪ್ರತ್ಯೇಕವಾದದ್ದು. ನೋಡಿದ ವಿಡಿಯೊಗಳು ಮತ್ತು ಅಲ್ಲಿ ಹುಡುಕಿದ ಪದಗಳು ಎರಡನ್ನೂ ಅಲ್ಲಿಯೇ ಹೋಗಿ ಅಳಿಸಬಹುದು. ನೋಡಿದ ವಿಡಿಯೊ ಹಿಸ್ಟರಿಯಿಂದ ಹೋದರೆ ಅದನ್ನು ಆಧರಿಸಿದ ಶಿಫಾರಸುಗಳೂ ಕಡಿಮೆಯಾಗುತ್ತವೆ. ಮನೆಯವರ ಕಣ್ಣಿಗೆ ಮೊದಲು ಬೀಳುವುದು ಆ ಶಿಫಾರಸುಗಳೇ ಆದ್ದರಿಂದ ಇದು ಸಣ್ಣ ವಿಷಯವಲ್ಲ.

ಇನ್ನು ಬ್ರೌಸರ್. ಕ್ರೋಮ್‌ನ ಮೇಲ್ಗಡೆಯ ಮೂರು ಚುಕ್ಕಿಗಳನ್ನು ಒತ್ತಿ ‘ಡಿಲೀಟ್ ಬ್ರೌಸಿಂಗ್ ಡೇಟಾ’ ಎಂಬಲ್ಲಿಗೆ ಹೋದಾಗ ಮೊದಲು ನೋಡಬೇಕಾದದ್ದು ಅವಧಿಯನ್ನು. ಕಳೆದ 15 ನಿಮಿಷ, ಒಂದು ಗಂಟೆ, 24 ಗಂಟೆ, 7 ದಿನ, 4 ವಾರ, ಎಲ್ಲ ಕಾಲ ಎಂಬ ಆಯ್ಕೆಗಳು ಅಲ್ಲಿವೆ. ಚಿಕ್ಕ ಅವಧಿ ಆಯ್ಕೆಯಾಗಿರುವುದನ್ನು ಗಮನಿಸದೆ ಅಳಿಸುವ ಗುಂಡಿಯನ್ನು ಒತ್ತಿದರೆ ಕಳೆದ ವಾರದ್ದೆಲ್ಲ ಹಾಗೆಯೇ ಉಳಿದಿರುತ್ತದೆ. ಅವಧಿಯ ನಂತರ ಏನನ್ನು ಅಳಿಸಬೇಕೆಂಬ ಪಟ್ಟಿ ಬರುತ್ತದೆ. ಅದರಲ್ಲಿ ಹಿಸ್ಟರಿ, ಕುಕಿಗಳು (ನಮ್ಮನ್ನು ಗುರುತಿಸಲು ಜಾಲತಾಣಗಳು ಟ್ಯಾಬ್‌ನಲ್ಲಿಡುವ ಚಿಕ್ಕ ಫೈಲ್‌ಗಳು), ಕ್ಯಾಶ್ (ಪುಟಗಳು ಬೇಗ ತೆರೆಯಲೆಂದು ಉಳಿಸಿಟ್ಟ ಪ್ರತಿಗಳು) ಈ ಮೂರಕ್ಕೆ ಮಾತ್ರ ನಾನು ಗುರುತು ಹಾಕುತ್ತೇನೆ. ಕುಕಿಗಳು ಹೋದರೆ ಹೆಚ್ಚಿನ ಜಾಲತಾಣಗಳಿಂದ ಲಾಗೌಟ್ ಆಗುತ್ತದೆ ಎಂಬುದು ತಿಳಿದಿರಲಿ. ಕ್ಯಾಶ್ ಹೋದರೆ ಮುಂದಿನ ಸಲ ಪುಟಗಳು ತೆರೆಯುವುದು ಸ್ವಲ್ಪ ತಡವಾಗುತ್ತದೆ, ಅಷ್ಟೆ. ಉಳಿಸಿದ ಪಾಸ್‌ವರ್ಡ್‌ಗಳನ್ನು ಅಳಿಸುವುದರಿಂದ ಸಿಗುವ ಗೋಪ್ಯತೆ ಬಹಳ ಕಡಿಮೆ, ಆಗುವ ತೊಂದರೆ ಬಹಳ ಹೆಚ್ಚು. ಆ ಚೌಕವನ್ನು ಖಾಲಿ ಬಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಸಿಂಕ್, ಅಂದರೆ ಒಂದೇ ಖಾತೆಯ ಸಾಧನಗಳ ನಡುವೆ ಮಾಹಿತಿ ತಾನಾಗಿ ಹಂಚಿಕೆಯಾಗುವ ವಿಷಯವನ್ನು ಇಲ್ಲಿಯೇ ಹೇಳಬೇಕು. ಟ್ಯಾಬ್‌ನಲ್ಲಿಯೂ ಫೋನ್‌ನಲ್ಲಿಯೂ ಒಂದೇ ಖಾತೆಯಿದ್ದು ಹಿಸ್ಟರಿ ಸಿಂಕ್ ಆಗುತ್ತಿದ್ದರೆ, ಟ್ಯಾಬ್‌ನಲ್ಲಿ ಅಳಿಸಿದ್ದು ಫೋನ್‌ನಿಂದಲೂ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಫೋನ್‌ನಲ್ಲಿ ಒಬ್ಬರೇ ಇದ್ದಾಗ ನೋಡಿದ್ದು ಟ್ಯಾಬ್‌ನ ಹಿಸ್ಟರಿಗೂ ಬಂದು ಕೂರುತ್ತದೆ. ಟ್ಯಾಬ್‌ನ ಹಿಸ್ಟರಿಯನ್ನು ಪ್ರತಿದಿನ ಅಳಿಸಿದರೂ ಈ ದಾರಿ ತೆರೆದಿದ್ದರೆ ಪ್ರಯೋಜನ ಕಡಿಮೆ. ಆದ್ದರಿಂದ ಟ್ಯಾಬ್‌ನ ಕ್ರೋಮ್‌ನಲ್ಲಿ ಹಿಸ್ಟರಿ ಮತ್ತು ತೆರೆದ ಪುಟಗಳ ಸಿಂಕನ್ನು ನಾನು ನಿಲ್ಲಿಸಿಬಿಟ್ಟೆ. ನನ್ನ ಮಟ್ಟಿಗೆ ಇಡೀ ಕ್ರಮದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಹೆಜ್ಜೆ ಇದು. ತೆರೆದಿಟ್ಟ ಪುಟಗಳನ್ನೂ ಒಮ್ಮೆ ನೋಡಿ ಮುಚ್ಚಬೇಕು: ಹಿಸ್ಟರಿಯೆಲ್ಲ ಖಾಲಿಯಾಗಿದ್ದು, ಓದುತ್ತಿದ್ದ ಪುಟವೇ ತೆರೆದಿದ್ದರೆ ಅಳಿಸಿದ ಕೆಲಸಕ್ಕೆ ಅರ್ಥವಿರುವುದಿಲ್ಲ.

ಕೀಬೋರ್ಡ್ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ. ನಾನು ನುಂಗುತ್ತಿದ್ದ ಔಷಧಿಯ ಹೆಸರು ಸಾಮಾನ್ಯ ನಿಘಂಟಿನಲ್ಲಿ ಇರುವಂಥದ್ದಲ್ಲ. ಬ್ರೌಸರ್ ಹಿಸ್ಟರಿ ಪೂರ್ತಿ ಖಾಲಿಯಾಗಿದ್ದಾಗಲೂ, ಟಿಪ್ಪಣಿಯ ಆ್ಯಪ್ ತೆರೆದು ಆ ಹೆಸರಿನ ಮೊದಲ ಕೆಲವು ಅಕ್ಷರಗಳನ್ನು ಒತ್ತಿದರೆ ಕೀಲಿಗಳ ಮೇಲಿನ ಸಾಲಿನ ನಟ್ಟನಡುವೆ ಇಡೀ ಹೆಸರು ಮೂಡುತ್ತಿತ್ತು, ಅದೂ ಅಕ್ಷರದೋಷವಿಲ್ಲದೆ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಎಂಬ ಭಾಗಕ್ಕೆ ಹೋದರೆ ಕಲಿತ ಪದಗಳನ್ನು ಅಳಿಸುವ ಆಯ್ಕೆಯಿದೆ; ಪರದೆಯ ಮೇಲೆ ತೋರಿಸುವ ಅಂಕಿಗಳನ್ನು ನಾವು ಮರಳಿ ಟೈಪ್ ಮಾಡಿದ ಮೇಲೆಯೇ ಅದು ಅಳಿಸುತ್ತದೆ. ಒಂದೇ ಪದವನ್ನು ತೆಗೆಯಬೇಕಾದರೆ ಸಲಹೆಯ ಸಾಲಿನಲ್ಲಿರುವ ಆ ಪದವನ್ನು ಒತ್ತಿ ಹಿಡಿದು ಕಸದ ಬುಟ್ಟಿಯ ಚಿತ್ರದತ್ತ ಎಳೆದರೆ ಸಾಕು. ಮನೆಯವರೆಲ್ಲರ ಹೆಸರುಗಳನ್ನೂ ಕೀಬೋರ್ಡ್ ಕಲಿತುಕೊಂಡಿರುವುದರಿಂದ ನಾನು ಈ ಎರಡನೆಯ ವಿಧಾನವನ್ನೇ ಅನುಸರಿಸುತ್ತೇನೆ.

ಆಸ್ಪತ್ರೆಯ ವರದಿಯಂಥ ಪಿಡಿಎಫ್‌ಗಳನ್ನು ಟ್ಯಾಬ್‌ಗೆ ಇಳಿಸಿಕೊಂಡಿದ್ದರೆ, ಬ್ರೌಸರ್ ಹಿಸ್ಟರಿ ಅಳಿಸಿದ ಮೇಲೂ ಫೈಲ್ ಡೌನ್‌ಲೋಡ್ ಫೋಲ್ಡರ್‌ನಲ್ಲಿ ಇದ್ದೇ ಇರುತ್ತದೆ. ಫೈಲ್ಸ್ ಆ್ಯಪ್‌ನಲ್ಲಿ ಅದನ್ನು ತೆಗೆದರೂ ಕಸದ ಬುಟ್ಟಿಯಲ್ಲಿ 30 ದಿನ ಉಳಿಯುವುದರಿಂದ ಬುಟ್ಟಿಯನ್ನೂ ಖಾಲಿ ಮಾಡಬೇಕು. ಸ್ಕ್ರೀನ್‌ಶಾಟ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ನನ್ನ ಅಕ್ಕನದು ಐಪ್ಯಾಡ್. ಅವಳಿಗೂ ಇದೇ ಕ್ರಮವನ್ನು ಮಾಡಿಕೊಟ್ಟೆ. ಸೆಟ್ಟಿಂಗ್ಸ್‌ನಲ್ಲಿ ಅದರ ಬ್ರೌಸರ್ ಆದ ಸಫಾರಿಗೆ ಹೋಗಿ ಹಿಸ್ಟರಿ ಮತ್ತು ವೆಬ್‌ಸೈಟ್ ಡೇಟಾ ಎರಡನ್ನೂ ಒಟ್ಟಿಗೆ ಅಳಿಸಬಹುದು. 2024ರಲ್ಲಿ ಬಂದ, ಐಪ್ಯಾಡ್ ನಡೆಸುವ ತಂತ್ರಾಂಶದ ಆವೃತ್ತಿಯಾದ ಐಪ್ಯಾಡ್‌ಓಎಸ್ 18ರಿಂದ ಸಫಾರಿಯು ಸೆಟ್ಟಿಂಗ್ಸ್‌ನೊಳಗಿನ ‘ಆ್ಯಪ್ಸ್’ ಎಂಬ ಭಾಗಕ್ಕೆ ಸರಿದಿದೆ. ತೆರೆದ ಪುಟಗಳನ್ನೆಲ್ಲ ಮುಚ್ಚುವ ಆಯ್ಕೆಯೂ ಅದೇ ಜಾಗದಲ್ಲಿ ಬರುತ್ತದೆ. ಆಪಲ್‌ನ ಸಿಂಕ್ ಸೇವೆಯಾದ ಐಕ್ಲೌಡ್‌ನಲ್ಲಿ ಸಫಾರಿ ಆನ್ ಆಗಿದ್ದರೆ ಅದೇ ಖಾತೆಯ ಇತರ ಸಾಧನಗಳಿಂದಲೂ ಹಿಸ್ಟರಿ ಹೋಗುತ್ತದೆ. ಅಳಿಸುವ ಸಾಲು ಮಂಕಾಗಿ ಕಂಡು ಒತ್ತಲು ಬಾರದಿದ್ದರೆ, ಒಂದೋ ಅಳಿಸಲು ಏನೂ ಉಳಿದಿಲ್ಲ, ಇಲ್ಲವೇ ಬಳಕೆಗೆ ಮಿತಿ ಹಾಕುವ ‘ಸ್ಕ್ರೀನ್ ಟೈಮ್’ ಸೆಟ್ಟಿಂಗ್‌ನಲ್ಲಿ ಜಾಲತಾಣಗಳಿಗೆ ನಿರ್ಬಂಧ ಹಾಕಲಾಗಿದೆ ಎಂದು ತಿಳಿಯಬೇಕು. ಮಕ್ಕಳ ಸಲುವಾಗಿ ನಿರ್ಬಂಧ ಹಾಕಿಟ್ಟ ಐಪ್ಯಾಡ್‌ನಲ್ಲಿ ಈ ಎರಡನೆಯ ಕಾರಣವನ್ನು ಮೊದಲು ಪರಿಶೀಲಿಸುವುದು ಒಳ್ಳೆಯದು.

“ಇಷ್ಟೆಲ್ಲ ಯಾಕೆ, ಇನ್‌ಕಾಗ್ನಿಟೊದಲ್ಲಿ ನೋಡಿದರೆ ಸಾಲದೇ?” ಎಂದು ಅಕ್ಕ ಕೇಳಿದಳು. ಇನ್‌ಕಾಗ್ನಿಟೊ ಎಂದರೆ ಹಿಸ್ಟರಿ ಉಳಿಸದೆ ನೋಡಲು ಬ್ರೌಸರ್‌ನಲ್ಲಿರುವ ಖಾಸಗಿ ವಿಧಾನ. ಮುಂದಿನ ಹುಡುಕಾಟಗಳ ಮಟ್ಟಿಗೆ ಅದು ನಿಜಕ್ಕೂ ಒಳ್ಳೆಯ ಅಭ್ಯಾಸ: ಆ ಪುಟಗಳು ಹಿಸ್ಟರಿಗೆ ಸೇರುವುದಿಲ್ಲ, ಮುಚ್ಚಿದ ಮೇಲೆ ಕುಕಿಗಳು ಉಳಿಯುವುದಿಲ್ಲ, ಕ್ರೋಮ್‌ನ ಇನ್‌ಕಾಗ್ನಿಟೊದಲ್ಲಿ ಜಿಬೋರ್ಡ್ ಕೂಡ ಹೊಸ ಪದಗಳನ್ನು ಕಲಿಯುವುದಿಲ್ಲ. ಆದರೆ ಇಳಿಸಿಕೊಂಡ ಫೈಲ್ ಉಳಿಯುತ್ತದೆ, ಮುಚ್ಚದೆ ಬಿಟ್ಟ ಇನ್‌ಕಾಗ್ನಿಟೊ ಪುಟಗಳು ಮುಂದಿನವರಿಗೆ ಕಾಣಬಹುದು, ಮತ್ತು ಅಲ್ಲಿ ಖಾತೆಗೆ ಲಾಗಿನ್ ಆಗಿ ಹುಡುಕಿದರೆ ಅದು ಖಾತೆಯ ದಾಖಲೆಗೆ ಸೇರುತ್ತದೆ. ಇಂಟರ್ನೆಟ್ ಸೇವೆ ಕೊಡುವ ಕಂಪನಿ, ಕಚೇರಿ ಅಥವಾ ಶಾಲೆಯ ನೆಟ್‌ವರ್ಕ್ ನೋಡಿಕೊಳ್ಳುವವರು, ಭೇಟಿ ಕೊಟ್ಟ ಜಾಲತಾಣ ಇವರಿಂದ ಅದು ನಮ್ಮನ್ನು ಮರೆಮಾಡುವುದಿಲ್ಲ. ಟ್ಯಾಬ್‌ನಲ್ಲಿ ಹಿಸ್ಟರಿ ಅಳಿಸಿದರೂ ಇವರ ಬಳಿಯಿರುವ ದಾಖಲೆ ಅಳಿಯುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಈ ಕ್ರಮದಿಂದ ಸಿಗುವುದು ಅದೇ ಟ್ಯಾಬನ್ನು ಬಳಸುವ ಇತರರಿಂದ ರಕ್ಷಣೆ, ಮತ್ತು ಖಾತೆಯಲ್ಲಿ ಕೂಡಿಬೀಳುವ ದಾಖಲೆಗೆ ಒಂದಿಷ್ಟು ಕಡಿವಾಣ.

ಇಲ್ಲಿ ಒಂದು ಗಂಭೀರ ಎಚ್ಚರಿಕೆಯಿದೆ. ಮನೆಯಲ್ಲಿಯೇ ಒಬ್ಬರು ಟ್ಯಾಬನ್ನು ಕಾವಲು ಕಾಯುತ್ತಾ, ನೋಡಿದ್ದಕ್ಕೆಲ್ಲ ಲೆಕ್ಕ ಕೇಳುವ ಸ್ಥಿತಿಯಲ್ಲಿ ಬದುಕುವವರಿಗೆ, ಎಲ್ಲ ಹಿಸ್ಟರಿಯನ್ನೂ ಒಮ್ಮೆಗೇ ಅಳಿಸುವುದು ಅಪಾಯಕಾರಿಯಾಗಬಹುದು. ಖಾಲಿ ಹಿಸ್ಟರಿಯೇ ಅನುಮಾನ ಹುಟ್ಟಿಸುತ್ತದೆ. ಅಂಥವರು ಹಿಸ್ಟರಿಯ ಪಟ್ಟಿಯನ್ನು ತೆರೆದು ಬೇಡವಾದ ಸಾಲುಗಳನ್ನು ಮಾತ್ರ ತೆಗೆಯುವುದು ಲೇಸು. ಸಹಾಯ ಹುಡುಕುವಂಥ ಕೆಲಸಕ್ಕೆ ಆ ಟ್ಯಾಬನ್ನೇ ಬಳಸದೆ, ನಂಬುವ ಗೆಳತಿಯ ಫೋನನ್ನೋ ಗ್ರಂಥಾಲಯದ ಕಂಪ್ಯೂಟರನ್ನೋ ಬಳಸುವುದು ಇನ್ನೂ ಲೇಸು, ಏಕೆಂದರೆ ಕಣ್ಣಿಡುವ ಆ್ಯಪ್ ಟ್ಯಾಬ್‌ನಲ್ಲಿ ಸೇರಿಕೊಂಡಿದ್ದರೆ ಬ್ರೌಸರ್‌ನ ಹಿಸ್ಟರಿ ಅಳಿಸಿದ್ದರಿಂದ ಅದು ನಿಲ್ಲುವುದಿಲ್ಲ.

ಪದೇ ಪದೇ ಅಳಿಸುವ ಶ್ರಮವನ್ನು ನನಗೆ ಕಡಿಮೆ ಮಾಡಿದ್ದು ಪ್ರತ್ಯೇಕ ಬಳಕೆದಾರರ ವ್ಯವಸ್ಥೆ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ 2012ರ 4.2 ಆವೃತ್ತಿಯಿಂದಲೂ ಒಬ್ಬೊಬ್ಬರಿಗೆ ಒಂದೊಂದು ಬಳಕೆದಾರ ಖಾತೆ ಮಾಡಲು ಅವಕಾಶವಿದೆ. ಒಬ್ಬರ ಆ್ಯಪ್, ಹಿಸ್ಟರಿ, ಫೈಲ್ ಇನ್ನೊಬ್ಬರಿಗೆ ಕಾಣುವುದಿಲ್ಲ. ತಯಾರಕರು ಅದನ್ನು ತೆಗೆದುಹಾಕಿರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಯೂಸರ್ಸ್’ ಎಂದು ಹುಡುಕಿದರೆ ಸಿಗುತ್ತದೆ. ನನ್ನ ಭಾಗಕ್ಕೆ ಪಿನ್ ಹಾಕಿ, ಮಕ್ಕಳಿಗೆ ಬೇರೆ ಭಾಗ ಮಾಡಿಕೊಟ್ಟಿದ್ದೇನೆ. ಮನೆಬಳಕೆಯ ಐಪ್ಯಾಡ್‌ನಲ್ಲಿ ಈ ಸೌಲಭ್ಯವಿಲ್ಲದಿರುವುದು ದೊಡ್ಡ ಕೊರತೆ. ಅಕ್ಕ ಸಫಾರಿಯ ಖಾಸಗಿ ಪುಟಗಳಿಗೆ ಬೀಗ ಹಾಕುವ ಆಯ್ಕೆಯನ್ನು ಬಳಸುತ್ತಾಳೆ. 2023ರಲ್ಲಿ ಬಂದ ಐಪ್ಯಾಡ್‌ಓಎಸ್ 17ರಿಂದ ಅದು ದೊರೆಯುತ್ತಿದೆ.

ಎಲ್ಲ ಮುಗಿದ ಮೇಲೆ ಟ್ಯಾಬನ್ನು ಇತರರು ಬಳಸುವ ರೀತಿಯಲ್ಲೇ ನಾನೊಮ್ಮೆ ಬಳಸಿ ಪರೀಕ್ಷಿಸುತ್ತೇನೆ. ಬ್ರೌಸರ್‌ನಲ್ಲಿ ವಿಳಾಸ ಬರೆಯುವ ಜಾಗದಲ್ಲಿ, ಗೂಗಲ್ ಆ್ಯಪ್‌ನಲ್ಲಿ, ಯೂಟ್ಯೂಬ್‌ನಲ್ಲಿ, ಪ್ಲೇ ಸ್ಟೋರ್‌ನಲ್ಲಿ ಆ ಕಾಯಿಲೆಯ ಹೆಸರಿನ ಮೊದಲ ಅಕ್ಷರಗಳನ್ನು ಒತ್ತಿ ಏನು ಬರುತ್ತದೆಂದು ನೋಡುತ್ತೇನೆ. ಹಿಸ್ಟರಿಯಿಂದ ಬಂದ ಹಳೆಯ ಹುಡುಕಾಟಗಳ ಪಕ್ಕದಲ್ಲಿ ಸಾಮಾನ್ಯವಾಗಿ ಗಡಿಯಾರದ ಚಿತ್ರವಿರುತ್ತದೆ; ಭೂತಗನ್ನಡಿಯ ಚಿತ್ರವಿರುವವು ಎಲ್ಲರಿಗೂ ಬರುವ ಸಾಮಾನ್ಯ ಸಲಹೆಗಳು, ಅವುಗಳ ಬಗ್ಗೆ ಚಿಂತೆ ಬೇಡ. ಗಡಿಯಾರದ ಸಾಲು ಇನ್ನೂ ಉಳಿದಿದ್ದರೆ ಅದನ್ನು ಒತ್ತಿ ಹಿಡಿದು ಅಲ್ಲಿಯೇ ತೆಗೆಯುತ್ತೇನೆ. ಆಮೇಲೂ ಜಾಲತಾಣದ ಹೆಸರು ಕಾಣುತ್ತಿದ್ದರೆ ಅದು ಬುಕ್‌ಮಾರ್ಕ್‌ನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಹಿಸ್ಟರಿ ಅಳಿಸಿದಾಗ ಬುಕ್‌ಮಾರ್ಕ್ ಹೋಗುವುದಿಲ್ಲವಾದ್ದರಿಂದ ಆ ಪಟ್ಟಿಗೆ ಹೋಗಿ ಅದನ್ನು ಪ್ರತ್ಯೇಕವಾಗಿ ತೆಗೆಯಬೇಕು.