ಚೆನ್ನಾಗಿರುವಾಗಲೇ ಬರೆದಿಡಿ: ಮುಂಗಡ ನಿರ್ದೇಶನ ಹೇಗೆ?

ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಒಂದು ರಾತ್ರಿ, ಮನಸ್ಸು ಹದ ತಪ್ಪಿದ್ದಾಗ, ಎರಡು ಗಂಟೆಗೆ, ಜಡಿಮಳೆಯಲ್ಲಿ ನಾನು ಕಾಫಿ ಕಣ ಗುಡಿಸುತ್ತಿದ್ದೆನಂತೆ. ಅಣ್ಣ ಜೀಪಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ಅಲ್ಲಿ ಎಲ್ಲರೂ ಕೇಳಿದ್ದು ಅವನನ್ನೇ. ಹಿಂದೊಮ್ಮೆ ಒಂದು ಇಂಜೆಕ್ಷನ್ ತಗೊಂಡಾಗ ನನ್ನ ಕತ್ತು ಸೆಟೆದು ಒಂದು ಕಡೆಗೆ ತಿರುಗಿಕೊಂಡಿತ್ತು. ಅದು ಗೊತ್ತಿದ್ದದ್ದು ನನಗೊಬ್ಬನಿಗೆ. ಆ ಹೊತ್ತಿನಲ್ಲಿ ನನ್ನ ಮಾತು ಯಾರು ಕೇಳ್ತಾರೆ? ಅದೇ ಇಂಜೆಕ್ಷನ್ ಮತ್ತೆ ಬಿತ್ತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 5ನೇ ಸೆಕ್ಷನ್ ಇರುವುದು ಇಂಥ ರಾತ್ರಿಗಳಿಗಾಗಿ. 18 ತುಂಬಿದ ಯಾರೇ ಆಗಲಿ, ಕಾಯಿಲೆ ಬಂದಿರಲಿ ಬಿಡಲಿ, ತಮಗೆ ಎಂಥ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು. ಅದೇ ಮುಂಗಡ ನಿರ್ದೇಶನ. ನಿರ್ಧಾರ ಮಾಡುವ ಸ್ಥಿತಿಯಲ್ಲಿ ನೀವಿಲ್ಲದಾಗ ಮಾತ್ರ ಅದು ಚಾಲ್ತಿಗೆ ಬರುತ್ತದೆ. ಚೇತರಿಸಿಕೊಂಡ ಮೇಲೆ ಮಾತು ಮತ್ತೆ ನಿಮ್ಮದೇ.

ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ಹೊತ್ತು ಇದಕ್ಕೆ ಒಳ್ಳೆಯದು. ನಿದ್ದೆ ಸರಿಯಾಗಿ ಆದ ದಿನ ಕೂತುಕೊಳ್ಳಿ.

ಮೊದಲು ನಂಬಿಕೆಯ ಒಬ್ಬರನ್ನು ಹುಡುಕಿ. ನಿಮ್ಮ ಪರವಾಗಿ ಮಾತಾಡುವವರು ‘ನಾಮನಿರ್ದೇಶಿತ ಪ್ರತಿನಿಧಿ’. ಒಕ್ಕದ (ಕೊಡವ ಮನೆತನದ) ಹಿರಿಯರೇ ಆಗಬೇಕಿಲ್ಲ, ನೆಂಟರೂ ಆಗಬೇಕಿಲ್ಲ. ಪ್ರಾಯಕ್ಕೆ ಬಂದ, ಜವಾಬ್ದಾರಿ ಹೊರಬಲ್ಲ, ಲಿಖಿತವಾಗಿ ಒಪ್ಪುವ ಒಬ್ಬರು ಸಾಕು. ನೇಮಕವನ್ನು ಬಿಳಿ ಹಾಳೆಯಲ್ಲೇ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಬಹುದು. ಹಾಗಾಗಿ ತೋಟದ ಲೈನ್ ಮನೆಯಲ್ಲಿರುವ, ಅಕ್ಷರ ಬಾರದ ಕೆಲಸಗಾರರಿಗೂ ಇದು ದಕ್ಕುತ್ತದೆ. ಹೆಸರಿಸದೆ ಬಿಟ್ಟರೆ ಕಾನೂನು ಮೊದಲು ಸಂಬಂಧಿಕರತ್ತ ತಿರುಗುತ್ತದೆ. ಆಸ್ತಿ ಪಾಲಿನ ಜಗಳ ಇರುವ ಮನೆಯವರು ಇದನ್ನು ಎರಡು ಸಲ ಓದಿಕೊಳ್ಳಿ.

ಆಮೇಲೆ ಮುಂಗಡ ನಿರ್ದೇಶನದ ‘ಸಿಆರ್-ಎ’ ನಮೂನೆ ತುಂಬಿಸಿ. ಇಲ್ಲಿ ಅವಸರ ಬೇಡ. ‘ಒಳ್ಳೆಯ ಚಿಕಿತ್ಸೆ ಕೊಡಿ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ಬರೆದದ್ದು ಹೀಗೆ: ‘ಮೂರು ರಾತ್ರಿ ನಿದ್ದೆ ಇಲ್ಲದಿದ್ದರೆ ಶುರುವಾಯಿತು ಎಂದು ತಿಳಿಯಿರಿ. ಈ ಮಾತ್ರೆ ಒಗ್ಗುತ್ತದೆ. ಆ ಇಂಜೆಕ್ಷನ್‌ಗೆ ಕತ್ತು ಸೆಟೆಯುತ್ತದೆ, ಬೇಡ.’ ಔಷಧಿಯ ಹೆಸರು, ಪ್ರಮಾಣಕ್ಕೆ ಹಳೆಯ ಚೀಟಿ ನೋಡಿ. ನಿಮ್ಮ ವೈದ್ಯಕೀಯ ದಾಖಲೆ ಕೇಳಿ ಪಡೆಯುವ ಹಕ್ಕೂ ಇದೇ ಕಾಯ್ದೆಯಲ್ಲಿದೆ. ಯರವ ಭಾಷೆಯಲ್ಲಿ ಅಥವಾ ಕೊಡವ ತಕ್ಕ್‌ನಲ್ಲಿ (ಕೊಡವ ಭಾಷೆಯಲ್ಲಿ) ಮಾತಾಡಿಸಿದರೆ ಸಮಾಧಾನ ಎನ್ನುವವರು ಅದನ್ನೂ ಸೇರಿಸಲಿ. ನಾಯಿಗೆ ಯಾರು ಅನ್ನ ಹಾಕಬೇಕು ಎಂದೂ ನಾನು ಬರೆದಿದ್ದೆ. ಅಣ್ಣ ನಕ್ಕ, ಆದರೆ ಹೊಡೆದುಹಾಕಲಿಲ್ಲ.

ಸರಪಳಿ ಹಾಕಬಾರದು, ಅರಿವಳಿಕೆ ಇಲ್ಲದೆ ವಿದ್ಯುತ್ ಚಿಕಿತ್ಸೆ ಕೊಡಬಾರದು ಎಂದು ನೀವು ಬರೆಯಬೇಕಾಗಿಲ್ಲ. ಅವೆರಡನ್ನೂ ಕಾಯ್ದೆಯೇ ನಿಷೇಧಿಸಿದೆ.

ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ಪ್ರತಿನಿಧಿಯ ಸಹಿಯನ್ನೂ ಹಾಕಿಸಿ. ನಂತರ ಇದೇ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಗೆ ಸಲ್ಲಿಸಬೇಕು. ಕಾಗದಪತ್ರದ ಗೋಜಲಿಗೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಈ ಕಾಯ್ದೆಯಡಿಯ ಹಕ್ಕುಗಳಿಗೆ ಅಲ್ಲಿ ಉಚಿತ ನೆರವು ಸಿಗಬೇಕು. ದೂರವಾಣಿ 15100. ಮನಸ್ಸೇ ಕದಡಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಮಿತಿ ಇದೆ. ತುರ್ತು ಚಿಕಿತ್ಸೆಯ ಹೊತ್ತಿನಲ್ಲಿ ಈ ನಿರ್ದೇಶನ ವೈದ್ಯರನ್ನು ಕಟ್ಟಿಹಾಕುವುದಿಲ್ಲ. ನಿರ್ದೇಶನವೇ ಸರಿಯಿಲ್ಲ ಎನಿಸಿದರೆ ವೈದ್ಯರೋ ಮನೆಯವರೋ ಮಂಡಳಿಯ ಮುಂದೆ ಹೋಗಲೂಬಹುದು. ಆದರೂ ಯಾವ ಔಷಧಿ ಒಗ್ಗದು ಎಂಬ ಸಾಲನ್ನು ಯಾವ ವೈದ್ಯರಾದರೂ ಓದಿಯೇ ಓದುತ್ತಾರೆ, ಕೈಗೆ ಸಿಕ್ಕರೆ. ಪ್ರತಿ ಕೈಸೇರದಿದ್ದರೆ ಪಾಲಿಸಲಿಲ್ಲವೆಂದು ಅವರನ್ನು ದೂರುವಂತಿಲ್ಲ. ತಲುಪಿಸುವ ಹೊಣೆ ನಮ್ಮದು. ಮನಸ್ಸು ಬದಲಾದರೆ ಎಷ್ಟು ಸಲ ಬೇಕಾದರೂ ತಿದ್ದಬಹುದು, ಆದರೆ ಪ್ರತಿ ಸಲವೂ ಸಾಕ್ಷಿ, ಸಹಿ ಹೊಸದಾಗಿ ಆಗಬೇಕು.

ನನ್ನ ಒಂದು ಪ್ರತಿ ವೈದ್ಯರ ಫೈಲಿನಲ್ಲಿದೆ. ಇನ್ನೊಂದು ಮನೆಯ ಕಪಾಟಿನಲ್ಲಿತ್ತು, ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಈಗ ಹೊಸ ಪ್ರತಿ ದಪ್ಪ ಪ್ಲಾಸ್ಟಿಕ್ ಕವರಿನೊಳಗೆ, ಜೀಪಿನ ಡ್ಯಾಶ್‌ಬೋರ್ಡಿನಲ್ಲಿ, ಆರ್‌ಸಿ ಜೊತೆಗಿದೆ.