ವೃತ್ತದಲ್ಲಿ ಕೂರುವ ಮುನ್ನ

ಮನಸ್ತಾಪವಿರುವ ಗುಂಪುಗಳ ನಡುವೆ ಸಂವಾದ ನಡೆಸುವ ಕೆಲಸಕ್ಕೆ ಇಳಿದ ಹೊಸತರಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಅದರ ಬೆಲೆಯನ್ನು ತೆತ್ತವರು ನಾನಲ್ಲ, ಬೇರೊಬ್ಬರು. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಅದೊಂದು ಬಡಾವಣೆ. 30 ವರ್ಷಗಳಿಂದ ಅಲ್ಲಿಯೇ ಬೇರುಬಿಟ್ಟ ಸ್ವಂತ ಮನೆಯವರು ಒಂದು ಕಡೆ. ಕೆಲಸ ಅರಸಿ ಬಂದು ಬಾಡಿಗೆಗೆ ಇದ್ದವರು ಇನ್ನೊಂದು ಕಡೆ. ನಡುವೆ ಮಕ್ಕಳು ಆಡುವ ಮೈದಾನ. ಹೊಸಬರ ಮಕ್ಕಳು ಬಂದರೆ ಹಳಬರು ಗದರಿಸಿ ಕಳಿಸುತ್ತಿದ್ದರು. ಅದಕ್ಕೆ ಹೊಸಬರಲ್ಲಿ ಹುಡುಗರಾದವರು ರಾತ್ರಿ ಗುಂಪುಗೂಡಿ ಅಲ್ಲಿಯೇ ಕೂರತೊಡಗಿದರು. ಒಂದು ದಿನ ಗೇಟಿಗೆ ಬೀಗ ಬಿತ್ತು, ಮರುದಿನ ಯಾರೋ ಬೀಗ ಒಡೆದರು, ಆಮೇಲೆ ಹೊಡೆದಾಟವೇ ಆಯಿತು. ಕೂತು ಮಾತನಾಡಿದರೆ ಬಗೆಹರಿಯುತ್ತದೆ ಎಂದು ನಂಬಿ ನಾನು ಎಲ್ಲರನ್ನೂ ಒಂದೇ ಸಂಜೆ ಒಂದೇ ಸಭಾಂಗಣಕ್ಕೆ ಕರೆದೆ. ಸುಮಾರು 40 ಜನ ಬಂದರು.

ಹಳಬರು ಮುಂದಿನ ಸಾಲುಗಳಲ್ಲಿ ಕುಳಿತರು. ಹೊಸಬರು ಬಾಗಿಲ ಬಳಿ ನಿಂತೇ ಇದ್ದರು. ಒಂದು ಗಂಟೆ ಕಾಲ ಮಾತನಾಡಿದವರೆಲ್ಲ ಹಳಬರೇ. "ನೀವೂ ಹೇಳಿ" ಎಂದು ನಾನು ಬಾಗಿಲ ಕಡೆ ತಿರುಗಿ ಒತ್ತಾಯಿಸಿದೆ. ಒಬ್ಬ ತಾಯಿ ಧೈರ್ಯ ಮಾಡಿದರು. "ನನ್ನ ಮಗ ಆಡಲು ಹೋಗುವ ಮೊದಲು ಕಿಟಕಿಯಲ್ಲಿ ನಿಂತು ಮೈದಾನದಲ್ಲಿ ಯಾರಿದ್ದಾರೆ ಎಂದು ನೋಡುತ್ತಾನೆ. ಏಳು ವರ್ಷದವನು. ನೋಡಿ, ಸುಮ್ಮನೆ ಒಳಗೆ ಬಂದು ಕೂರುತ್ತಾನೆ" ಎಂದರು. ಸಭೆಯಲ್ಲಿ ಸದ್ದಡಗಿತು. ಮಾತು ನಾಟಿತು ಎಂದು ನನಗೆ ಸಮಾಧಾನವಾಯಿತು. ಹದಿನೈದು ದಿನ ಕಳೆಯುವುದರೊಳಗೆ ಆ ತಾಯಿಗೆ ಮನೆ ಖಾಲಿ ಮಾಡಲು ಹೇಳಿದರು. ಮನೆಯ ಮಾಲೀಕರು ಅಂದು ಎರಡನೆಯ ಸಾಲಿನಲ್ಲಿ ಕುಳಿತಿದ್ದರು.

ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಹೇಳಿದ್ದ ಮಾತು ನನಗೆ ಗೊತ್ತಿತ್ತು. ಎರಡು ಗುಂಪುಗಳು ಹತ್ತಿರ ಬಂದ ಮಾತ್ರಕ್ಕೆ ಪೂರ್ವಗ್ರಹ ಕರಗುವುದಿಲ್ಲ. ಆ ಭೇಟಿಯಲ್ಲಿ ಇಬ್ಬರಿಗೂ ಸಮಾನ ಸ್ಥಾನವಿರಬೇಕು, ಇಬ್ಬರದೂ ಆದ ಒಂದು ಗುರಿ ಇರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಅಧಿಕಾರದಲ್ಲಿರುವವರ ಬೆಂಬಲವೂ ಬೇಕು. ಓದಿದ್ದೆ, ಒಪ್ಪಿಕೊಂಡಿದ್ದೆ, ಆದರೂ ಮನೆ ಕೊಟ್ಟವರನ್ನೂ ಆ ಮನೆಯಲ್ಲಿ ಬಾಡಿಗೆಗೆ ಇದ್ದವರನ್ನೂ ಒಂದೇ ಕೋಣೆಯಲ್ಲಿ ಸೇರಿಸಿ "ಮನಸ್ಸು ಬಿಚ್ಚಿ ಮಾತನಾಡಿ" ಎಂದಿದ್ದೆ. ಮನಸ್ಸು ಬಿಚ್ಚುವುದಕ್ಕೆ ಒಬ್ಬರಿಗೆ ಏನೂ ಖರ್ಚಿಲ್ಲ, ಇನ್ನೊಬ್ಬರಿಗೆ ತಲೆಯ ಮೇಲಿನ ಸೂರೇ ಹೋಗುತ್ತದೆ.

ಎರಡನೆಯ ಸಲ ಸಭೆ ಕರೆಯುವ ಆತುರ ಮಾಡಲಿಲ್ಲ. ಆರು ವಾರ ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೇ ಮಾತನಾಡಿಸಿದೆ. ನಿಮಗೆ ಏನು ಹೇಳಬೇಕಾಗಿದೆ, ಅದನ್ನು ಹೇಳಿದರೆ ನಿಮಗೇನು ತೊಂದರೆಯಾಗಬಹುದು, ಯಾರು ಎದುರಿಗಿದ್ದರೆ ನಿಮ್ಮ ಬಾಯಿ ಕಟ್ಟುತ್ತದೆ ಎಂದು ಕೇಳುತ್ತಿದ್ದೆ. ಮೂರನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು ನೋಡಿಕೊಂಡೇ ಯಾರ ಜೊತೆ ಯಾರು ಕೂರಬೇಕು ಎಂದು ತೀರ್ಮಾನಿಸಿದೆ. ಮಾಲೀಕರು ಮತ್ತು ಅವರದೇ ಬಾಡಿಗೆದಾರರು ಒಂದೇ ಗುಂಪಿಗೆ ಬರದಂತೆ ನೋಡಿಕೊಂಡೆ. ಸಂವಾದದಲ್ಲಿ ಆಡಿದ ಮಾತಿಗಾಗಿ ಯಾರನ್ನೂ ಮನೆ ಬಿಡಿಸುವುದಿಲ್ಲ ಎಂದು ನಿವಾಸಿಗಳ ಸಂಘದಿಂದ ಬರೆಸಿಕೊಂಡೆ. ಈ ಒಂದು ಹಾಳೆಗಾಗಿ ನಾಲ್ಕು ಸಲ ಅಲೆಯಬೇಕಾಯಿತು. ಇಂದಿಗೂ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು ಆ ಹಾಳೆಯ ವಿಚಾರವನ್ನೇ.

ಕೊನೆಗೆ ಕೂತವರು 12 ಜನ, ಎರಡೂ ಕಡೆಯಿಂದ ಆರಾರು. ನಡೆಸುವವರು ಇಬ್ಬರು, ಕಡೆಗೊಬ್ಬರು. ಎಲ್ಲರಿಗೂ ಒಂದೇ ಬಗೆಯ ಕುರ್ಚಿ, ವೃತ್ತಾಕಾರವಾಗಿ. ಮೊದಲ ದಿನ ಮೈದಾನದ ಸುದ್ದಿಯನ್ನೇ ಎತ್ತಲಿಲ್ಲ. "ನೀವು ಎಲ್ಲಿಗಾದರೂ ಹೊಸಬರಾಗಿ ಹೋದ ಮೊದಲ ದಿನ ಹೇಗಿತ್ತು?" ಎಂದಷ್ಟೇ ಕೇಳಿದೆ. ಹಳಬರು ಕೂಡ ಒಂದು ಕಾಲಕ್ಕೆ ಎಲ್ಲಿಯೋ ಹೊಸಬರಾಗಿದ್ದವರೇ. ಈ ಬಗೆಯ ಪ್ರಶ್ನೆಗಿರುವ ಬಲ ಪರೀಕ್ಷೆಗೂ ಒಳಗಾಗಿದೆ. ಅಮೆರಿಕದ ಮಯಾಮಿಯಲ್ಲಿ ಮನೆಬಾಗಿಲಿಗೆ ಹೋಗಿ ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಹತ್ತು ನಿಮಿಷದಷ್ಟು ಮಾತನಾಡಿದವರು ವಾದ ಮಾಡಲಿಲ್ಲ; ಬೇರೆಯವರಂತಿಲ್ಲ ಎಂಬ ಕಾರಣಕ್ಕೆ ನಿಮ್ಮನ್ನು ಯಾರಾದರೂ ಕೀಳಾಗಿ ಕಂಡದ್ದುಂಟೇ ಎಂದು ನೆನಪಿಸಿಕೊಳ್ಳಲು ಕೇಳಿದರು. ಪೂರ್ವಗ್ರಹ ಕಡಿಮೆಯಾದದ್ದು ಕನಿಷ್ಠ ಮೂರು ತಿಂಗಳು ಉಳಿದಿತ್ತು ಎಂದು ಸಂಶೋಧಕರಾದ ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2016ರಲ್ಲಿ ವರದಿ ಮಾಡಿದರು. "ನಿಮ್ಮ ಅಭಿಪ್ರಾಯವೇನು" ಎಂದು ಕೇಳಿದರೆ ಜನ ಕೋಟೆ ಕಟ್ಟಿಕೊಳ್ಳುತ್ತಾರೆ. "ನಿಮಗೆ ಏನಾಯಿತು" ಎಂದು ಕೇಳಿದರೆ ಬಾಗಿಲು ತೆರೆಯುತ್ತಾರೆ.

ಮೂರನೆಯ ಭೇಟಿಯಲ್ಲಿ ಮೈದಾನದ ವಿಷಯ ಬಂತು. ಅಂದು ಒಂದು ನಿಯಮ ಇಟ್ಟಿದ್ದೆ. ಹಿಂದಿನವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ, ಅವರು "ಹೌದು" ಎಂದ ಮೇಲೆಯೇ ನಿಮ್ಮ ಸರದಿ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರಲ್ಲಿ ಮುಂದಿಟ್ಟ ವಿಧಾನವಿದು. ಹೇಳಲು ಸುಲಭ, ಮಾಡಲು ಕೂತಾಗ ಬೆವರು ಬರುತ್ತದೆ.

ರಾತ್ರಿಯ ಗಲಾಟೆಯ ಬಗ್ಗೆ ದೂರು ಕೊಟ್ಟಿದ್ದ ಹಿರಿಯರೊಬ್ಬರು ಮಾತನಾಡಿದರು. ಅವರ ಪತ್ನಿ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ, ಕೋಣೆಯ ಕಿಟಕಿ ಮೈದಾನದ ಕಡೆಗಿದೆ. ಎದುರಿಗಿದ್ದವನು ಬೀಗ ಒಡೆದವರಲ್ಲಿ ಒಬ್ಬ ಹುಡುಗ. "ನಮ್ಮ ಗಲಾಟೆಯಿಂದ ನಿಮಗೆ ತೊಂದರೆಯಾಗುತ್ತದೆ" ಎಂದ. ಹಿರಿಯರು "ಅಲ್ಲ" ಎಂದರು. "ನಿಮ್ಮ ಮನೆಯವರಿಗೆ ನಿದ್ದೆ ಬರುವುದಿಲ್ಲ" ಎಂದ. "ಅಷ್ಟೇ ಅಲ್ಲ" ಎಂದರು. ಹುಡುಗ ತಲೆ ತಗ್ಗಿಸಿ ಬಹಳ ಹೊತ್ತು ಕುಳಿತ. ಮಧ್ಯೆ ಬಾಯಿ ಹಾಕಿ ನೆರವಾಗೋಣ ಎಂದು ನನ್ನ ನಾಲಿಗೆ ತುರಿಸುತ್ತಿತ್ತು. ಜೊತೆಯಲ್ಲಿ ನಡೆಸುತ್ತಿದ್ದವರು ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದರು. ಆಮೇಲೆ ಅವನು ಹೇಳಿದ: "ಅವರಿಗೆ ಎಚ್ಚರವಾದಾಗಲೆಲ್ಲ ನೀವೊಬ್ಬರೇ ಎದ್ದು ಕೂರಬೇಕು. ಬೇರೆ ಯಾರೂ ಇಲ್ಲ." ಹಿರಿಯರು "ಹೌದು" ಎಂದರು. ಆ ಒಂದು ಪದ ಹೊರಬರಲು ಅವರಿಗೆ ಕಷ್ಟವಾಯಿತು.

ನಂತರ ಹುಡುಗನ ಸರದಿ. ದಿನಕ್ಕೆ ಹತ್ತು ಗಂಟೆ ದುಡಿಮೆ, ಒಂದೇ ಕೋಣೆಯಲ್ಲಿ ನಾಲ್ವರು, ಅದಕ್ಕೊಂದು ಕಿಟಕಿಯೂ ಇಲ್ಲ. ಉಸಿರಾಡುವುದಕ್ಕೆಂದೇ ಮೈದಾನಕ್ಕೆ ಬರುವುದು. ಹಿರಿಯರು ಅದನ್ನು ಮೊದಲ ಯತ್ನದಲ್ಲಿಯೇ ಸರಿಯಾಗಿ ಹೇಳಿದರು. ಹೇಳಿ ಮುಗಿಸಿ, ನಿಯಮದಲ್ಲಿಲ್ಲದ ಒಂದು ಪ್ರಶ್ನೆ ಕೇಳಿದರು: "ನಾಲ್ಕು ಜನ ಹೇಗಪ್ಪಾ ಮಲಗುತ್ತೀರಿ?"

ಇಷ್ಟು ವರ್ಷಗಳ ಅನುಭವದಲ್ಲಿ ನಾನು ಕಾಯುವುದು ಇಂಥ ಪ್ರಶ್ನೆಗಾಗಿ. ಕಣ್ಣೀರು ಬಂದರೆ ಸಾಲದು. ಅತ್ತು ಎದ್ದುಹೋದವರು ಮರುದಿನ ಮೊದಲಿನಂತೆಯೇ ಇದ್ದದ್ದನ್ನು ಕಂಡಿದ್ದೇನೆ. ಎದುರಿಗಿರುವವರ ಬದುಕಿನ ವಿವರ ತಿಳಿಯಬೇಕು ಎಂಬ ಆಸೆ ಹುಟ್ಟಿದರೆ ಮಾತ್ರ ಮುಂದಿನ ಕೆಲಸಕ್ಕೆ ನೆಲ ಹದವಾಗುತ್ತದೆ.

ಎಲ್ಲರೂ ಒಂದೇ ಅಭಿಪ್ರಾಯಕ್ಕೆ ಬರಬೇಕು ಎಂದು ನಾನು ನಿರೀಕ್ಷಿಸುವುದಿಲ್ಲ. ಅಮೆರಿಕದ ಬೋಸ್ಟನ್ ಬಳಿ 1994ರ ಡಿಸೆಂಬರ್‌ನಲ್ಲಿ ಗರ್ಭಪಾತ ಚಿಕಿತ್ಸಾಲಯಗಳ ಮೇಲೆ ನಡೆದ ಗುಂಡಿನ ದಾಳಿಯಲ್ಲಿ ಇಬ್ಬರು ಸತ್ತ ಮೇಲೆ, ಗರ್ಭಪಾತದ ಪರ ಮತ್ತು ವಿರೋಧದ ಆರು ಮಹಿಳಾ ಮುಂದಾಳುಗಳು ಐದು ವರ್ಷಕ್ಕೂ ಹೆಚ್ಚು ಕಾಲ ಗುಟ್ಟಾಗಿ ಭೇಟಿಯಾಗುತ್ತಿದ್ದರು. 2001ರ ಜನವರಿಯಲ್ಲಿ ಒಟ್ಟಾಗಿ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಯಾರೂ ತಮ್ಮ ನಿಲುವನ್ನು ಬಿಟ್ಟುಕೊಟ್ಟಿರಲಿಲ್ಲ. ಆದರೆ ಎದುರಾಳಿಗಳ ಬಗ್ಗೆ ಬಳಸುತ್ತಿದ್ದ ಭಾಷೆ ಬದಲಾಗಿತ್ತು, ದ್ವೇಷದ ಮಾತು ತಗ್ಗಿತ್ತು. ನಮ್ಮ ಗುಂಪಿನಲ್ಲಿಯೂ ನಾನು ಮೊದಲು ಗಮನಿಸಿದ್ದು ಇದನ್ನೇ: ಐದನೆಯ ಭೇಟಿಯ ಹೊತ್ತಿಗೆ "ಆ ಜನ" ಎಂಬ ಮಾತು ಯಾರ ಬಾಯಲ್ಲಿಯೂ ಬರಲಿಲ್ಲ.

ಭಾಷೆ ಬದಲಾದರೆ ಸಾಕೇ? ಸಾಲದು. ದುರ್ಬಲರು ತಮ್ಮ ನೋವನ್ನು ಹೇಳಿಕೊಂಡ ಮೇಲೂ ಏನೂ ಬದಲಾಗದಿದ್ದರೆ ಅದು ಎರಡನೆಯ ಪೆಟ್ಟು. ಆದ್ದರಿಂದ ಕೊನೆಯ ಎರಡು ಭೇಟಿಗಳನ್ನು ತೀರ್ಮಾನಗಳಿಗೇ ಮೀಸಲಿಟ್ಟೆವು. ಮೈದಾನದ ಬೀಗ ತೆಗೆದರು. ಸಂಜೆ ಸಣ್ಣ ಮಕ್ಕಳಿಗೆ, ಆಮೇಲೆ ದೊಡ್ಡವರಿಗೆ ಎಂದು ಹೊತ್ತು ಗೊತ್ತಾಯಿತು; ರಾತ್ರಿ ಕೂರುವವರು ಆ ಕಿಟಕಿಯಿಂದ ದೂರದ ಮೂಲೆಗೆ ಹೋದರು. ನಿವಾಸಿಗಳ ಸಂಘದಲ್ಲಿ ಬಾಡಿಗೆದಾರರಿಗೆ ಎರಡು ಸ್ಥಾನ ಸಿಕ್ಕಿತು. ಯಾರು ಯಾವುದನ್ನು ಯಾವಾಗ ಮಾಡಬೇಕು ಎಂದು ಬರೆದು ಎಲ್ಲರೂ ಸಹಿ ಹಾಕಿದರು. ಮಾಲೀಕರು ಮನಸ್ಸಿಗೆ ಬಂದಂತೆ ಮನೆ ಬಿಡಿಸುವ ಪ್ರಶ್ನೆ ಮಾತ್ರ ವೃತ್ತದೊಳಗೆ ಬಗೆಹರಿಯಲಿಲ್ಲ. ಅದಕ್ಕೆ ಬಾಡಿಗೆದಾರರು ತಾವೇ ಒಂದುಗೂಡಿ ಕಾನೂನಿನ ಮೊರೆ ಹೋದರು, ಹೋಗಬೇಕಾಗಿತ್ತು ಕೂಡ. ಹೋರಾಟ ಮಾಡಬೇಡಿ, ಬನ್ನಿ ಮಾತನಾಡೋಣ ಎಂದು ನೊಂದವರನ್ನು ತಣ್ಣಗಾಗಿಸಲು ಯಾರಾದರೂ ನನ್ನನ್ನು ಕರೆದರೆ ಈಗ ನಾನು ಹೋಗುವುದಿಲ್ಲ. ಹೊಡೆಯುವವರನ್ನೂ ಹೊಡೆಸಿಕೊಳ್ಳುವವರನ್ನೂ ಎದುರುಬದುರು ಕೂರಿಸುವುದೂ ಇಲ್ಲ. ಅಲ್ಲಿ ಮೊದಲು ಏಟು ನಿಲ್ಲಬೇಕು.

ಮನೆ ಕಳೆದುಕೊಂಡ ಆ ತಾಯಿಯನ್ನು ಹುಡುಕಿಕೊಂಡು ಹೋದೆ. ಕ್ಷಮೆ ಕೇಳಿದೆ, ನಡೆದದ್ದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ಸಣ್ಣ ಮಕ್ಕಳಿಗೆ ಮೈದಾನ ಎಷ್ಟು ಗಂಟೆಗೆ ಬಿಡುತ್ತಾರೆ ಎಂದು ಕೇಳಿದರು. ಐದಕ್ಕೆ ಎಂದೆ. ಒಂದು ದಿನ ಮಗನನ್ನು ಕರೆದುಕೊಂಡು ಬರುತ್ತೇನೆ ಎಂದರು. ಇನ್ನೂ ಬಂದಿಲ್ಲ.