ಬೂದು ಮನೆಗಳ ಬೀದಿ: ಮ್ಯೂಸಿಯಂ ವಿಆರ್‌ನಲ್ಲಿ ನನ್ನ ಅನುಭವ

ಮ್ಯೂಸಿಯಂನಲ್ಲಿ ಹಳೇ ಬೀದಿಯೊಂದನ್ನು ವಿಆರ್‌ನಲ್ಲಿ ತೋರಿಸುತ್ತೇನೆ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡರೆ ಕಂಪ್ಯೂಟರಿನಲ್ಲಿ ಕಟ್ಟಿದ ಬೀದಿಯೊಳಗೇ ಇದ್ದಂತೆ ಕಾಣುತ್ತದೆ. ಎರಡೇ ತಿಂಗಳು, ಆಮೇಲೆ ಹೆಡ್‌ಸೆಟ್‌ಗಳು ಬೀರು ಸೇರುತ್ತವೆ ಅಂದವರೇ ಜಾಸ್ತಿ. ಈಗ ಮೂರನೇ ವರ್ಷ. ಶಾಲೆಮಕ್ಕಳು ಬಂದ ದಿನ ಸಾಲು ಬಾಗಿಲಾಚೆಗೂ ಇರುತ್ತದೆ. ಜಂಬ ಅಂದುಕೊಂಡರೂ ಪರವಾಗಿಲ್ಲ.

ಶುರುವಿನಲ್ಲಿ ಮಾಡಿದ್ದೆಲ್ಲ ತಪ್ಪೇ. ಕೆಡವಿಹಾಕಿದ ಹಳೇ ಪೇಟೆಬೀದಿಯೊಂದನ್ನು ಫೋಟೊ, ನಕ್ಷೆ ಇಟ್ಟುಕೊಂಡು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಕಟ್ಟಿದೆ. ಬಾಗಿಲಿನ ಒಂದೊಂದು ಮೊಳೆಯನ್ನೂ ಬಿಡಲಿಲ್ಲ. ಬಂದ ದುಡ್ಡಿನ ಮುಕ್ಕಾಲು ಪಾಲು ಆರೇಳು ಮನೆಗೇ ಕರಗಿತು. ಪಿಸಿಯಲ್ಲಿ ನೋಡೋಕೆ ಚೆಂದ. ಹೆಡ್‌ಸೆಟ್‌ಗೆ ಹಾಕಿದರೆ ಸೆಕೆಂಡಿಗೆ 72 ಫ್ರೇಮ್ (ಚಿತ್ರ) ಬೇಕಾದಲ್ಲಿ 30 ಬಂದರೆ ಹೆಚ್ಚು. ಮೊಳೆಗಳನ್ನೆಲ್ಲ ನಾರ್ಮಲ್ ಮ್ಯಾಪ್‌ಗೆ, ಅಂದರೆ ಉಬ್ಬುತಗ್ಗು ಇದ್ದಂತೆ ತೋರಿಸುವ ಚಪ್ಪಟೆ ಚಿತ್ರಕ್ಕೆ ಇಳಿಸಿ, ಬೆಳಕು ಬೇಕ್ ಮಾಡಿ, ಅಂದರೆ ನೆರಳುಬೆಳಕನ್ನು ಮೊದಲೇ ಲೆಕ್ಕಹಾಕಿ ಚಿತ್ರದಲ್ಲೇ ಅಚ್ಚೊತ್ತಿ ಸರಿಮಾಡಿದೆ.

ನೋಡುವವರ ಕಣ್ಣೇ ಆದ ಕ್ಯಾಮೆರಾವನ್ನು ಬೀದಿಯುದ್ದಕ್ಕೂ ತೇಲಿಸಿದ್ದು ಇನ್ನೊಂದು ಎಡವಟ್ಟು. ಹತ್ತರಲ್ಲಿ ಮೂರ್ನಾಲ್ಕು ಜನ ತಲೆಸುತ್ತು ಅಂತ ಅರ್ಧಕ್ಕೇ ಕಳಚಿಟ್ಟರು. ಒಬ್ಬರಂತೂ ಗೋಡೆ ಹಿಡಿದು ನಿಂತೇಬಿಟ್ಟರು. ತಿರುಗುವ ಕುರ್ಚಿ ತಂದೆ. ಬೀದಿಯ ನಾಲ್ಕು ಜಾಗ, ನಾಲ್ಕು ನಿಮಿಷ, ಒಂದರಿಂದ ಇನ್ನೊಂದಕ್ಕೆ ತೇಲಿಸುವ ಬದಲು ನಡುವೆ ಸುಮ್ನೆ ಕತ್ತಲು. ತಲೆಸುತ್ತಿನ ದೂರು ಹೆಚ್ಚುಕಡಿಮೆ ನಿಂತಿತು.

ಕೋಣೆಯಲ್ಲಿ ಹಳೇ ಬಟ್ಟೆ, ಕಾಗದ ಇದ್ದವು. ಬೆಳಕಿಗೆ ಅವು ಹಾಳಾಗುತ್ತವೆ ಅಂತ ಅಲ್ಲಿ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟುವಂತಿಲ್ಲ. ಹೆಡ್‌ಸೆಟ್ ತನ್ನ ಕ್ಯಾಮೆರಾಗಳಿಂದ ಸುತ್ತಲಿನ ಗುರುತುಗಳನ್ನು ನೋಡಿ ತಾನೆಲ್ಲಿದ್ದೇನೆಂದು ತಿಳಿಯುವುದೇ ಟ್ರ್ಯಾಕಿಂಗ್; ಅಷ್ಟು ಮಬ್ಬಿನಲ್ಲಿ ಅದು ತಪ್ಪಿ ಇಡೀ ಬೀದಿಯೇ ಪಕ್ಕಕ್ಕೆ ಜಾರುತ್ತಿತ್ತು. ಪಕ್ಕದ ಖಾಲಿ ಕೋಣೆಗೆ ಎದ್ದು ಬಂದೆ. ಬಿಳಿ ಗೋಡೆಗೆ ಗಿಜಿಗಿಜಿ ಪೋಸ್ಟರ್ ಅಂಟಿಸಿ, ದೀಪ ಹಾಕಿದ ಮೇಲೆ ಬೀದಿ ನೆಟ್ಟಗೆ ನಿಂತಿತು.

ನಡುವೆ ಮಳೆಮಣ್ಣಿನ ವಾಸನೆಯ ಸ್ಪ್ರೇ ಹೊಡೆಯುವ ಹುಚ್ಚೂ ಹತ್ತಿತ್ತು. ಹೆಡ್‌ಸೆಟ್ ಫೋಮಿಗೆ ಹತ್ತಿದ ಆ ಘಮ ತಿಂಗಳಾದರೂ ಹೋಗಲಿಲ್ಲ.

ಕೆಲಸ ನಿಜವಾಗಿ ಕೈಹಿಡಿದದ್ದು ದುಡ್ಡು ಮುಗಿದಾಗ. ಹದಿನಾಲ್ಕೋ ಹದಿನೈದೋ ಮನೆಗಳಿಗೆ ಬಣ್ಣ ಹಾಕಲಾಗದೆ, ಬರೀ ಬೂದು ಡಬ್ಬಗಳನ್ನಾಗಿ ಬಿಟ್ಟೆ. ಅವುಗಳ ಫೋಟೊನೂ ಸಿಕ್ಕಿರಲಿಲ್ಲ. 'ಅರೆಬರೆ ತೋರಿಸಿದರೆ ಜನ ನಗ್ತಾರೆ' ಅಂದರು ಜೊತೆಯವರು. ಆದರೆ ಒಬ್ಬರು ಅಜ್ಜಿ ಕುರ್ಚಿ ತಿರುಗಿಸಿ, ಮೂರನೇ ಬೂದು ಮನೆಯ ಕಡೆ ಗಾಳಿಯಲ್ಲಿ ಕೈ ಚಾಚಿದರು. ಬೆರಳು ಚಿಲಕ ಹುಡುಕುತ್ತಿದ್ದವು. 'ಇಲ್ಲಿ ಬಾಗಿಲು ಹೊರಗೆ ತೆಗೀತಿತ್ತು, ಪಕ್ಕದಲ್ಲಿ ಕಲ್ಲುಬೆಂಚು' ಅಂದರು. ಪಕ್ಕದಲ್ಲಿ ರೆಕಾರ್ಡರ್ ಇಟ್ಟಿದ್ದೆ, ಪುಣ್ಯ.

ಆಮೇಲೆ ಬೂದು ಮನೆ ಯಾರದ್ದೆಂದು ಕೇಳುವುದೇ ಕೆಲಸವಾಯಿತು. ಇಬ್ಬರು ಬೇರೆಬೇರೆಯಾಗಿ ಒಂದೇ ಮಾತು ಹೇಳಿದರೆ ಮಾತ್ರ ಬಣ್ಣ. ಅವರ ದನಿಯನ್ನೇ ಮನೆಯೊಳಗಿಂದ ಕೇಳಿಸುತ್ತೇನೆ. ಒಂದೇ ಹಳೇ ಫೋಟೊದಿಂದ ಮನೆಯ ಎತ್ತರ ಹೇಗೆ ಹಿಡಿಯುತ್ತೇನೆ ಅಂತ ತುಂಬ ಜನ ಕೇಳಿದ್ದಾರೆ. ಅದು ನನ್ನಲ್ಲೇ ಇರಲಿ.

ಈಗ ಐದು ಮನೆ ಬೂದು ಉಳಿದಿವೆ. ಮೂಲೆಮನೆ ಬಗ್ಗೆ ಇಬ್ಬರು ಅಣ್ಣತಮ್ಮಂದಿರೇ ಜಗಳವಾಡುತ್ತಿದ್ದಾರೆ, ಹಾಗಾಗಿ ಅದಕ್ಕೆ ಸದ್ಯಕ್ಕೆ ಬಣ್ಣವಿಲ್ಲ.